ಹೆಬ್ಬಾಗಿಲಿನ ಎಂಜಿನ್

"ಮ್ಯಾಲಕ್ಕ ಎಳೀರಿ, ಮ್ಯಾಲಕ್ಕ," ಎಂದು ಬಾಳಕೃಷ್ಣ ಭಟ್ಟರು ಒದ್ದೆ ಪಂಚೆಯಲ್ಲಿ ನಿಂತು ಕೈ ಬೀಸಿದರು. "ಎಂಜಿನ್ ಮ್ಯಾಲ ಹೋಗಲಿ, ಆಮ್ಯಾಲ ಮೋಟಾರು ಹಿಂದಕ್ಕ ನೂಕರಿ. ಹೊತ್ತಾತು."

ಇಬ್ಬರು ನೆರೆಯವರು ಸರಪಳಿ ಜಗ್ಗಿದರು. ತೊಲೆಗೆ ಕಟ್ಟಿದ್ದ ಕಪ್ಪಿ ಕಿರುಗುಟ್ಟಿತು. ವ್ಯಾನಿನ ಮೂತಿಯೊಳಕ್ಕೆ ಅರ್ಧ ಇಳಿದು ನಿಂತಿದ್ದ ಡೀಸೆಲ್ ಎಂಜಿನ್ ಗೇಣುದ್ದ ಮೇಲೆದ್ದಿತು. ಅಷ್ಟರಲ್ಲಿ ಗಂಡನ ಹೆಣದ ಪಕ್ಕ ಕೂತಿದ್ದ ಮಥುರಾಬಾಯಿ ಎದ್ದು ಬಂದಳು. ಇಬ್ಬರ ಕೈಗಳ ನಡುವೆ ತನ್ನ ಕೈ ತೂರಿಸಿ ಸರಪಳಿ ಹಿಡಿದುಬಿಟ್ಟಳು. ಸ್ನಾನ ಮಾಡಿ ಮಡಿಯಲ್ಲಿದ್ದ ಗಂಡಸರು. ಇಬ್ಬರೂ ಕೈ ಬಿಟ್ಟು ಹಿಂದೆ ಸರಿದರು.

"ಮ್ಯಾಲ ಹೋಗೂದಿಲ್ಲ ಭಾವನೋರ," ಅಂದಳು. "ಕೆಳಗ ಇಳೀತದ. ತನ್ನ ಜಾಗಾದಾಗ ಕೂಡ್ತದ. ಆಮ್ಯಾಲ ಅವರು ಹೊರಗ ಹೋಗ್ತಾರ."

"ಹುಚ್ಚು ಹಿಡದದೇನು ನಿನಗ? ಮನ್ಯಾಗ ಹೆಣಾ ಇಟಗೊಂಡು ಮೋಟಾರ್ ರಿಪೇರಿ ಮಾಡ್ತಾರೇನು?"

"ಮಾಡೋರು ಮಾಡತಿದ್ರು. ಅರ್ಧಕ್ಕ ಹೋದ್ರು. ಉಳದರ್ಧ ನಾ ಮಾಡಸ್ತೀನಿ."

ಬೈಲಹೊಂಗಲದ ಆ ಮನೆಗೆ ಇದ್ದದ್ದು ಒಂದೇ ಬಾಗಿಲು. ಹಿತ್ತಲಿನ ಆಚೆಗೆ ಬೇರೆಯವರ ಗೋಡೆ. ಹೆಬ್ಬಾಗಿಲಿನ ಮೇಲೆ ಅಜ್ಜನ ಕಾಲದ ಸಾಗವಾನಿ ತೊಲೆಯಿತ್ತು. ಹೊರಗೆ ಭಾದ್ರಪದದ ಮಳೆ ಹಿಡಿದಿದೆ, ಇಂಥ ಭಾರ ತಡೆಯುವ ಕೊಂಬೆ ಓಣಿಯಲ್ಲಿ ಯಾವ ಮರಕ್ಕೂ ಇಲ್ಲ ಎಂದು ತ್ರ್ಯಂಬಕ ತನ್ನ ಹಳೆಯ ವ್ಯಾನಿನ ಮೂತಿಯನ್ನು ಹೆಬ್ಬಾಗಿಲೊಳಗೆ ತೂರಿಸಿ, ಎಂಜಿನ್ನನ್ನು ಆ ತೊಲೆಗೇ ತೂಗುಹಾಕಿದ್ದ. ನಿನ್ನೆ ಸಂಜೆ ಅದನ್ನು ಇಳಿಸುತ್ತಿದ್ದಾಗ ಎದೆ ಹಿಡಿದುಕೊಂಡು ಗಾಲಿಗೆ ಒರಗಿ ಕೂತ. ನೀರು ಕೇಳಿದ. ಹೆಂಡತಿ ನೀರು ತರುವಷ್ಟರಲ್ಲಿ ಮುಗಿದಿತ್ತು. ಐವತ್ತು ತುಂಬಿರಲಿಲ್ಲ.

ಈಗ ಸಾವಿಗೆ ಬಂದವರೆಲ್ಲ ವ್ಯಾನಿಗೂ ಬಾಗಿಲ ಕಂಬಕ್ಕೂ ನಡುವಿನ ಸಂದಿಯಲ್ಲಿ ಹೊಟ್ಟೆ ಒಳಗೆ ಎಳೆದುಕೊಂಡು ಒಳಗೆ ಬರಬೇಕು. ಮನುಷ್ಯರು ಹೇಗೋ ನುಸುಳಬಹುದು, ಚಟ್ಟ ನುಸುಳುವುದಿಲ್ಲ. ವ್ಯಾನು ಹಿಂದೆ ಸರಿಯದೆ ತ್ರ್ಯಂಬಕ ಹೊರಗೆ ಹೋಗುವಂತಿರಲಿಲ್ಲ. ವ್ಯಾನು ಸರಿಯಬೇಕಾದರೆ ಅರ್ಧ ಇಳಿದ ಎಂಜಿನ್ ಒಂದೋ ಮೇಲೇಳಬೇಕು, ಇಲ್ಲವೋ ಪೂರ್ತಿ ಕೆಳಗಿಳಿದು ಕೂಡಬೇಕು. ಸರಪಳಿಯ ಒಂದು ಎಳೆ ಜಗ್ಗಿದರೆ ಏರುತ್ತದೆ, ಇನ್ನೊಂದು ಎಳೆ ಜಗ್ಗಿದರೆ ಇಳಿಯುತ್ತದೆ. ಜಗಳ ಇದ್ದದ್ದು ಇಷ್ಟೇ.

ಇಷ್ಟೇ ಅಂದರೆ ಇಷ್ಟೇ ಅಲ್ಲ. ಹೊರಗೆ ಓಣಿಯಲ್ಲಿ ಹಿಟ್ಟಿನ ಗಿರಣಿಯ ವೀರಪ್ಪ ಎತ್ತಿನ ಗಾಡಿ ಹೂಡಿಕೊಂಡು ಬಂದು, ಟೊಪ್ಪಿಗೆ ತೆಗೆದು, ಸಾವಿಗೆ ಬಂದವರ ಮುಖ ಮಾಡಿಕೊಂಡು ನಿಂತಿದ್ದ. ಅವನನ್ನು ಕರೆಸಿದವರು ಬಾಳಕೃಷ್ಣ ಭಟ್ಟರೇ. ಎಂಜಿನ್ ಮೇಲೆದ್ದರೆ ವ್ಯಾನು ಹೊರಗೆ ಹೋಗುತ್ತದೆ, ಎಂಜಿನ್ ನೆಲಕ್ಕಿಳಿಯುತ್ತದೆ, ನೆಲದಿಂದ ಗಾಡಿಗೆ, ಗಾಡಿಯಿಂದ ಗಿರಣಿಗೆ. ಮಕ್ಕಳಿಲ್ಲದ ಮಥುರಾಬಾಯಿ ಧಾರವಾಡಕ್ಕೆ, ಭಾವನ ಮನೆಗೆ. "ಹತ್ತನೇ ದಿನದ ಕೆಲಸಾ ಅಲ್ಲೇ ಮಾಡಸ್ತೀನಿ, ಆಮ್ಯಾಲ ಮನ್ಯಾಗ ಒಬ್ಬಾಕಿ ಆಗಿ ಇರಲಿ," ಎಂದು ಭಟ್ಟರು ಬೆಳಿಗ್ಗೆ ಬಂದ ಕೂಡಲೇ ಎಲ್ಲರೆದುರು ಹೇಳಿದ್ದರು. ಹತ್ತನೇ ದಿನದ ಕೆಲಸವೆಂದರೆ ಹಜಾಮ, ಬೋಳು ತಲೆ, ಕೆಂಪು ಸೀರೆ. ಮನೆಯಲ್ಲಿ ಇರುವುದೆಂದರೆ ಬದುಕಿರುವ ತನಕ ಅಡಿಗೆಮನೆಯಲ್ಲಿ ಇರುವುದು. ಮಾದರಿ ಬೇಕಾದವರಿಗೆ ಅಲ್ಲೇ ಕಂಬದ ಬುಡದಲ್ಲಿ ಭಟ್ಟರ ಜೊತೆ ಬಂದಿದ್ದ ಅವರ ಸೋದರತ್ತೆ ರಾಧಾಬಾಯಿ ಅದೇ ಕೆಂಪು ಸೀರೆಯಲ್ಲಿ ಕೂತಿದ್ದರು. ಹದಿನಾಲ್ಕರಲ್ಲಿ ಗಂಡ ಸತ್ತಿದ್ದ, ಈಗ ಅರವತ್ತರ ಹತ್ತಿರ.

*

ಭೂಮಿ ಉಳುವವನಿಗೇ ಎನ್ನುವ ಕುಳ ಕಾಯ್ದೆ ಬಂದು ಹೊಲ ಹೋದ ವರ್ಷ ಅಣ್ಣತಮ್ಮಂದಿರು ಬೇರೆಯಾಗಿದ್ದರು. ಬಾಳಕೃಷ್ಣ ಧಾರವಾಡದ ಒಂದು ಸಾಲೆಯಲ್ಲಿ ಸಂಸ್ಕೃತ ಕಲಿಸಲು ಹೋದರು. ತ್ರ್ಯಂಬಕನಿಗೆ ಅಪ್ಪನ ಪೌರೋಹಿತ್ಯದ ಮನೆಗಳು ಬಂದವು. ಅವನು ಅವನ್ನು ಒಂದು ವರ್ಷ ನಡೆಸಿ, ಮಂತ್ರ ಮರೆತಲ್ಲೆಲ್ಲ ಕೆಮ್ಮಿ, ಕೊನೆಗೆ ದಾಯಾದಿಯೊಬ್ಬನಿಗೆ ಬಿಟ್ಟುಕೊಟ್ಟ. ಯುದ್ಧದಲ್ಲಿ ಓಡಿಸಿ ಸರಕಾರ ಹರಾಜು ಹಾಕಿದ ಒಂದು ವ್ಯಾನು ಹಿಡಿದು ತಂದ. ರಾಮದುರ್ಗದ ನೇಕಾರರಿಗೆ ನೂಲು ಒಯ್ಯುವುದು, ಅಲ್ಲಿಂದ ಸೀರೆಯ ಗಂಟು ತರುವುದು, ನಡುವೆ ಸವದತ್ತಿಯ ಸಂತೆ.

ಜೊತೆಗೆ ಸಿಕ್ಕವನು ಲಗಮಣ್ಣ. ಊರ ಹೊರಗಿನ ಕೇರಿಯವನು, ಯುದ್ಧದಲ್ಲಿ ಮಿಲಿಟರಿ ಲಾರಿ ಓಡಿಸಿ ಬಂದವನು. ತನಗೆ ಗೊತ್ತಿಲ್ಲದ ಎಂಜಿನ್ ದೇವರು ಇನ್ನೂ ಹುಟ್ಟಿಸಿಲ್ಲ ಎಂದು ಹೇಳಿಕೊಳ್ಳುವವನು, ಹಾಗೆ ಹೇಳಿಯೇ ಎರಡು ಸಲ ಗೇರ್ ಬಾಕ್ಸ್ ಹಾಳು ಮಾಡಿದವನು. ಹೋದ ವರ್ಷ ಬೌದ್ಧ ಧರ್ಮಕ್ಕೆ ಸೇರಿದ ಮೇಲೆ ಅವನು ಯಾರಿಗೂ ದಾರಿ ಬಿಟ್ಟು ನಿಲ್ಲುತ್ತಿರಲಿಲ್ಲ. ತ್ರ್ಯಂಬಕನಿಗೆ ಅದು ಬಹಳ ಇಷ್ಟವಾಗಿತ್ತು.

"ಜನಿವಾರ ಹಾಕ್ಕೊಂಡು ಮೋಟಾರಿನ ಕೆಳಗ ಮಲಗ್ತೀಯಲ್ಲೋ," ಎಂದು ಒಮ್ಮೆ ಊರಿಗೆ ಬಂದಾಗ ಅಣ್ಣ ಬೈದಿದ್ದರು. "ಅದೂ ಆ ಲಗಮಣ್ಣನ ಮಗ್ಗಲದಾಗ."

"ಮ್ಯಾಲ ಮಲಗಿದ್ರ ರಿಪೇರಿ ಆಗೂದಿಲ್ಲ ಅಣ್ಣಾ," ಅಂದಿದ್ದ ತ್ರ್ಯಂಬಕ.

ಮಥುರಾಬಾಯಿ ಮೊದಮೊದಲು ಅವನ ಬಟ್ಟೆಯ ಎಣ್ಣೆ ಕಲೆ ತಿಕ್ಕಿ ತಿಕ್ಕಿ ಅಳುತ್ತಿದ್ದಳು. ಒಂದು ದಿನ ರಾಮದುರ್ಗಕ್ಕೆ ತಾನೂ ಹೊರಟಳು. ನೇಕಾರರ ಮನೆಯ ಹೆಂಗಸರ ಜೊತೆ ಮಗ್ಗದ ಮುಂದೆ ಕೂತು, ಯಾವ ಅಂಚು ಯಾವ ಊರಿನಲ್ಲಿ ಹೋಗುತ್ತದೆ ಎಂದು ಮಾತಾಡಿ ಬಂದಳು. ಆಮೇಲೆ ಸೀರೆ ಆರಿಸುವ ಕೆಲಸ ಅವಳದಾಯಿತು. ಗಂಡನಿಗೆ ಅಂಚೂ ತಿಳಿಯುತ್ತಿರಲಿಲ್ಲ, ಸೆರಗೂ ತಿಳಿಯುತ್ತಿರಲಿಲ್ಲ. ಅವನಿಗೆ ತಿಳಿಯುತ್ತಿದ್ದದ್ದು ವ್ಯಾನಿನ ಸಪ್ಪಳ ಒಂದೇ, ಅದೂ ಸವದತ್ತಿಯ ಏರಿನಲ್ಲಿ ಪೆಟ್ರೋಲ್ ಎಂಜಿನ್ ಬಿರಿದು ನಿಂತ ದಿನ ತಿಳಿದದ್ದು ತಡವಾಗಿ.

*

"ಆ ಎಂಜಿನ್ನೇ ಅವನ್ನ ತಿಂತು," ಅಂದರು ಭಟ್ಟರು. ತಮ್ಮನ ಮೇಲೆ ಅವರಿಗೆ ಪ್ರೀತಿ ಇರಲಿಲ್ಲವೆಂದು ಯಾರೂ ಹೇಳುವಂತಿಲ್ಲ. ಬೆಳಿಗ್ಗೆ ಬಂದವರೇ ಹೆಣದ ಕಾಲು ಹಿಡಿದುಕೊಂಡು ಅತ್ತಿದ್ದರು. "ಬಲಿ ತಗೊಂಡ ವಸ್ತು ಮನ್ಯಾಗ ಇರಬಾರದು. ವೀರಪ್ಪಗ ಕೊಟ್ಟು ಕೈ ತೊಳಕೊಳ್ಳೋಣು."

"ಎಂಜಿನ್ ತಿಂದಿಲ್ಲ. ಎದಿ ನಿಂತು ಹೋದ್ರು," ಅಂದಳು ಮಥುರಾಬಾಯಿ. ಸರಪಳಿ ಬಿಟ್ಟಿರಲಿಲ್ಲ. "ಮಾವನೋರು ಪೂಜಿ ಮಾಡ್ತ ಮಾಡ್ತ ಎದಿ ನಿಂತು ಹೋದ್ರು. ಆವಾಗ ದೇವರನ್ನ ಗಿರಣಿಗೆ ಕೊಟ್ರೇನು?"

ಚಟ್ಟ ಕಟ್ಟುತ್ತಿದ್ದವರ ಕೈ ಒಂದು ಗಳಿಗೆ ನಿಂತಿತು. ಬಾಗಿಲ ಸಂದಿಯ ಆಚೆ, ಮಳೆಯಲ್ಲಿ, ಲಗಮಣ್ಣ ಬೆಳಗಿನಿಂದ ನಿಂತೇ ಇದ್ದ. ಮಥುರಾಬಾಯಿ ಅವನ ಕಡೆ ತಿರುಗಿದಳು.

"ಲಗಮಣ್ಣ, ಇಳಸಾಕ ಎಷ್ಟು ಹೊತ್ತು ಬೇಕು?"

"ಕೈ ಇದ್ರ ಹೊತ್ತು ಮುಳಗೂದ್ರಾಗ ಆಕ್ಕೈತ್ರಿ ಬಾಯಾರ. ನಾ ಒಬ್ಬನ ಆದ್ರ ಆಗಂಗಿಲ್ಲ. ನಾ ಕೆಳಗ ಮಲಗಿ ಗೇರ್ ಬಾಕ್ಸಿಗೆ ಕೂಡಸ್ಬೇಕು. ಮ್ಯಾಗಿಂದ ನಾಕ ಮಂದಿ ಹಿಡದು ಒತ್ತಬೇಕು."

ನಾಲ್ಕು ಮಂದಿ ಇದ್ದರು. ಹೆಣ ಹೊರಲು ಸ್ನಾನ ಮಾಡಿ ಬಂದ ಓಣಿಯ ನಾಲ್ವರು ಬ್ರಾಹ್ಮಣರು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಅಂವ ಕೆಳಗ ಮುಟಗೊಂಡಿರೂವಾಗ ಇವರು ಮ್ಯಾಲ ಹ್ಯಾಂಗ ಮುಟ್ಟೂದು? ಮಡಿಯೊಳಗ ಇದ್ದಾರ," ಅಂದರು ಭಟ್ಟರು.

"ಅಂವ ಓಡಸಿದ ಮೋಟಾರಿನ್ಯಾಗ ಕೂತು ನೀವು ಯಲ್ಲಮ್ಮನ ಗುಡ್ಡಕ್ಕ ಹೋಗಿ ಬಂದ್ರಿ. ಆವಾಗ ಸ್ನಾನಾ ಮಾಡಿದ್ರೇನು?"

"ಮಾಡಿದ್ದೆ," ಅಂದರು ಭಟ್ಟರು. ನಿಜ, ಮಾಡಿದ್ದರು.

"ಹಂಗಾದ್ರ ಇವತ್ತೂ ಮಾಡ್ರಿ. ಬಾವಿ ಎಲ್ಲೂ ಓಡಿ ಹೋಗಿಲ್ಲ."

ಲಗಮಣ್ಣನಿಗೆ ನಗು ಬಂತು. ಇಂಥ ದಿನ ನಗಬಾರದೆಂದು ಮುಖ ಆಚೆ ತಿರುಗಿಸಿದ, ಆದರೆ ಹೆಗಲು ಕುಲುಕಿದ್ದನ್ನು ಎಲ್ಲರೂ ನೋಡಿದರು. ಸತ್ತವನಿದ್ದಿದ್ದರೆ ಬಿದ್ದು ಬಿದ್ದು ನಗುತ್ತಿದ್ದ.

*

ಆ ಎಂಜಿನ್ನಿನ ಅಳತೆಯ ಕತೆ ಊರಿಗೆಲ್ಲ ಗೊತ್ತಿತ್ತು. ಹುಬ್ಬಳ್ಳಿಯ ಗುಜರಿಯಲ್ಲಿ, ಯುದ್ಧಕಾಲದಲ್ಲಿ ಯಾವುದೋ ದಂಡಿನ ಠಾಣ್ಯದಲ್ಲಿ ದೀಪ ಉರಿಸುತ್ತಿದ್ದ ಎರಡು ಸಿಲಿಂಡರಿನ ಡೀಸೆಲ್ ಎಂಜಿನ್ ಒಂದು ತ್ರ್ಯಂಬಕನ ಕಣ್ಣಿಗೆ ಬಿತ್ತು. ವ್ಯಾನಿನಲ್ಲಿ ಹಿಡಿಯುತ್ತದೋ ಇಲ್ಲವೋ ಅಳೆದು ನೋಡಬೇಕು. ಗುಜರಿಯವನು ಟೇಪು ಕೊಡಲಿಲ್ಲ. ತ್ರ್ಯಂಬಕ ಅಂಗಿಯೊಳಗೆ ಕೈ ಹಾಕಿ ಜನಿವಾರ ಹೊರಗೆಳೆದ. ಎಂಜಿನ್ನಿನ ಉದ್ದಕ್ಕೆ ಹಿಡಿದು ಒಂದು ಗಂಟು ಹಾಕಿದ, ಅಗಲಕ್ಕೆ ಒಂದು ಗಂಟು. ಊರಿಗೆ ಬಂದು ಮಥುರಾಬಾಯಿಗೆ ತೋರಿಸಿದ. "ನೋಡು, ಕಡೀಗೂ ಇದು ಉಪಯೋಗಕ್ಕ ಬಂತು," ಅಂದ.

ಎಂಜಿನ್ ಬರಲು ತಡವಾಯಿತು. ನಡುವೆ ನೂಲ ಹುಣ್ಣಿಮೆ ಬಂತು. ಅಣ್ಣ ಊರಿಗೆ ಬಂದಿದ್ದರು. ತಮ್ಮನನ್ನು ಹಿಡಿದುಕೊಂಡು ನೀರು ಧುಮುಕುವ ಸೊಗಲಕ್ಕೆ ಹೋದರು. ಅಣ್ಣತಮ್ಮಂದಿರು ಮಂತ್ರ ಹೇಳಿ ಹೊಸ ಜನಿವಾರ ಹಾಕಿಕೊಂಡರು, ಹಳೆಯದನ್ನು ನೀರಿಗೆ ಬಿಟ್ಟರು. ಎರಡು ಗಂಟು ತೇಲಿಕೊಂಡು ಹೋದವು. ಮರುದಿನ ಎಂಜಿನ್ ಕೂಡುವ ಚೌಕಟ್ಟಿಗೆ ಕಮ್ಮಾರ ಕಬ್ಬಿಣ ಕಾಯಿಸಿಟ್ಟುಕೊಂಡು ಅಳತೆ ಕೇಳಿದಾಗಲೇ ತ್ರ್ಯಂಬಕ ಎದೆ ಮುಟ್ಟಿ ನೋಡಿಕೊಂಡದ್ದು.

"ಬಾಯಾರ ಮನ್ಯಾಗ ಒಂದು ದಾರ ಇರಲಿಲ್ಲೇನ್ರಿ ರಾಯರ?" ಎಂದು ಲಗಮಣ್ಣ ತಲೆ ಚಚ್ಚಿಕೊಂಡ. ಮತ್ತೆ ಹುಬ್ಬಳ್ಳಿಗೆ ಹೋಗಿ ಬರೋಣ ಅಂದ. ತ್ರ್ಯಂಬಕ ಕೇಳಲಿಲ್ಲ. ನೆನಪಿನ ಮೇಲೆ ಮೊಳ ಹಾಕಿ ತೋರಿಸಿದ. ಎಂಜಿನ್ ಬಂದಾಗ ನಾಲ್ಕು ಬೆರಳು ಉದ್ದವಾಗಿತ್ತು. ರೇಡಿಯೇಟರು ಮುಂದೆ ಸರಿಸಿದರು, ಅದಕ್ಕೊಂದು ತಗಡಿನ ಮೂಗು ಬಂತು. ಬೈಲಹೊಂಗಲದಿಂದ ಕಿತ್ತೂರಿನವರೆಗೆ ಜನ ಅದನ್ನು ನೋಡಿ ನಗಬೇಕು, ಹಾಗಿತ್ತು ಅದು. "ನಗಲಿ," ಅಂದ ತ್ರ್ಯಂಬಕ. "ನಕ್ಕೋತ ಹಿಂದ ಉಳೀತಾರ. ನಾವು ಮುಂದ ಹೋಗ್ತೀವಿ."

*

ಮಳೆ ಸ್ವಲ್ಪ ಹೊಳವಾಯಿತು. ವೀರಪ್ಪ ಸಂದಿಯಿಂದ ತಲೆ ಹಾಕಿ, "ಭಟ್ರ, ನಾ ಅವಸರಾ ಮಾಡಂಗಿಲ್ರಿ. ಖರೆ ಎತ್ತು ನಿಂತಾವು," ಅಂದ.

ಅದು ಭಟ್ಟರಿಗೆ ಧೈರ್ಯ ಕೊಟ್ಟಿತು. ಅವರು ಮಥುರಾಬಾಯಿಯ ಹತ್ತಿರ ಬಂದು ದನಿ ತಗ್ಗಿಸಿದರು. "ನೋಡು ಮಥುರಾ, ನಾ ಕೆಟ್ಟಾಂವ ಅಲ್ಲ. ಈ ಊರಾಗ ನಿನಗ ಯಾರ ಅದಾರ? ಹೆಣ್ಣುಹೆಂಗಸು ಮೋಟಾರ್ ಇಟಗೊಂಡು ಏನ ಮಾಡ್ತಿ? ನನ್ನ ಮನ್ಯಾಗ ನಿನಗೇನ ಕಡಿಮಿ? ಅತ್ತಿ ಇಲ್ಲೇನು? ಏನರ ಕಡಿಮಿ ಮಾಡೇವೇನು ಆಕಿಗೆ? ಕೇಳು ಬೇಕಾದ್ರ."

ಮಥುರಾಬಾಯಿ ಸರಪಳಿಗೇ ಒರಗಿ ನಿಂತಳು. ಅವಳ ಕೈ ಸೋತಿತ್ತು. ರಾತ್ರಿಯೆಲ್ಲ ನೀರು ಕೂಡ ಕುಡಿಯದವಳು. ಈಗ ಯಾರಾದರೂ ಸ್ವಲ್ಪ ಬಲವಾಗಿ ಕೈ ಬಿಡಿಸಿದ್ದರೆ ಬಿಟ್ಟುಬಿಡುತ್ತಿದ್ದಳು. ಭಯವೂ ಇತ್ತು, ಇಲ್ಲದೆ ಏನು. ಗಂಡನಿಲ್ಲದ ರಾಮದುರ್ಗದ ದಾರಿ ಅವಳ ಕಣ್ಣಿಗೂ ಉದ್ದವಾಗಿಯೇ ಕಾಣುತ್ತಿತ್ತು.

ಕಂಬದ ಬುಡದಿಂದ ರಾಧಾಬಾಯಿ ಎದ್ದರು. ಅವರು ಎದ್ದರೆ ಮನೆಯಲ್ಲಿ ಎಲ್ಲರೂ ದೂರ ಸರಿಯುವುದು ರೂಢಿ. ಅವರ ಮಡಿ ಅಂಥದು. ಒಣಹಾಕಿದ ಅವರ ಸೀರೆಯ ನೆರಳಲ್ಲೂ ಮಕ್ಕಳು ಸುಳಿಯುತ್ತಿರಲಿಲ್ಲ. ಈಗಲೂ ಜನ ದಾರಿ ಬಿಟ್ಟರು. ರಾಧಾಬಾಯಿ ನೇರ ಬಂದು ಸರಪಳಿಯ ಕೆಳಗೆ ನಿಂತು ಮೇಲೆ ನೋಡಿದರು.

"ಇಳಸೂ ಎಳಿ ಯಾವದವಾ?"

"ಅದು, ಅತ್ತಿ. ಬಲಗಡೀದು," ಅಂದಳು ಮಥುರಾಬಾಯಿ.

ರಾಧಾಬಾಯಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಬಲಗಡೆಯ ಎಳೆಯನ್ನು ಎರಡೂ ಕೈಯಿಂದ ಹಿಡಿದರು. ಗ್ರೀಸು ಅವರ ಅಂಗೈಗೆ ಹತ್ತಿತು. ಬಾವಿಯಿಂದ ನೀರು ಸೇದಿ ಗಟ್ಟಿಯಾದ ಕೈ. ಒಮ್ಮೆ ಜಗ್ಗಿದರು, ಎಂಜಿನ್ ಸ್ವಲ್ಪ ಇಳಿಯಿತು.

"ಅತ್ತಿ, ಏನಿದು?" ಅಂದರು ಭಟ್ಟರು.

"ಬಾಳ್ಯಾ," ಅಂದರು ರಾಧಾಬಾಯಿ ಸರಪಳಿಯಿಂದ ಕಣ್ಣು ತೆಗೆಯದೆ. "ನಿನ್ನ ಅಡಿಗಿಮನ್ಯಾಗ ಒಬ್ಬಾಕಿ ಸಾಕು."

ನಲವತ್ತಕ್ಕೂ ಹೆಚ್ಚು ವರ್ಷ ಆ ಬಾಯಿಂದ ಅಡಿಗೆಯಾಯಿತು, ನೀರು ಬಂತು ಎಂಬುದರ ಹೊರತು ಭಟ್ಟರು ಏನೂ ಕೇಳಿರಲಿಲ್ಲ.

ರಾಧಾಬಾಯಿ ನಾಲ್ವರು ಬ್ರಾಹ್ಮಣರ ಕಡೆ ತಿರುಗಿದರು. "ಇನ್ನೇನು ನೋಡ್ತೀರಿ? ಬಂದು ಒತ್ತರಿ."

ಆ ಓಣಿಯಲ್ಲಿ ಅದಕ್ಕಿಂತ ದೊಡ್ಡ ಮಡಿ ಇರಲಿಲ್ಲ. ಅದೇ ಮುಟ್ಟಿದ ಮೇಲೆ ಉಳಿದವರದೇನು? ನಾಲ್ವರೂ ಬಂದರು. ಲಗಮಣ್ಣ ಸಂದಿಯಲ್ಲಿ ನುಸುಳಿ ಒಳಗೆ ಬಂದ, ಯಾರಿಗೂ ಹಿಂದೆ ಸರಿಯುವುದಕ್ಕೆ ಜಾಗವೂ ಇರಲಿಲ್ಲ. ವ್ಯಾನಿನ ಕೆಳಗೆ ಮಲಗಿಕೊಂಡು ಅಲ್ಲಿಂದಲೇ ಕೂಗತೊಡಗಿದ. "ಇಳಸ್ರಿ ಅವ್ವಾರ. ಸಾಕು. ಹಿಂದ ತಗ್ಗಸ್ರಿ. ಇಷ್ಟ ಅಲ್ರಿ, ಇನ್ನಾ. ಮಂತ್ರ ಹೇಳಿದಂಗ ನಿಂತ್ರ ಕೂಡಂಗಿಲ್ರಿ, ಒತ್ತರಿ."

ಎರಡು ಸಲ ತಪ್ಪಿತು. ಮೂರನೆಯ ಸಲ ಎಂಜಿನ್ ಒಂದು ಬದಿಗೆ ವಾಲಿ, ಕೆಳಗೆ ಮಲಗಿದ್ದವನ ಎದೆಯ ಕಡೆಗೇ ತೊನೆಯಿತು. ದೂರ ನಿಂತಿದ್ದ ಬಾಳಕೃಷ್ಣ ಭಟ್ಟರು ಯಾವಾಗ ಬಂದರೋ, ಎರಡೂ ಕೈ ಕೊಟ್ಟು ಅದನ್ನು ತಡೆದು ನಿಂತಿದ್ದರು. ಕೈ ಹಾಕಿದ ಮೇಲೆಯೇ ಅವರಿಗೆ ತಾವು ಕೈ ಹಾಕಿದ್ದು ಗೊತ್ತಾದದ್ದು. ಆಮೇಲೆ ಬಿಡುವಂತೆಯೂ ಇರಲಿಲ್ಲ.

"ಕೂಡ್ತು," ಎಂದು ಕೆಳಗಿನಿಂದ ಲಗಮಣ್ಣ ಅಂದ. "ಬೋಲ್ಟ್ ಕೊಡ್ರಿ ಬಾಯಾರ."

ಮಥುರಾಬಾಯಿ ಡಬ್ಬಿ ತಂದಳು. ಮೇಲಿನ ಬೋಲ್ಟುಗಳನ್ನು ತಾನೇ ಪಾನಾ ಹಿಡಿದು ಬಿಗಿದಳು. ಬಿಗಿಯುವಾಗ ಮೊದಲ ಸಲ ಅತ್ತಳು. ದನಿ ತೆಗೆದು, ಎಲ್ಲರಿಗೂ ಕೇಳುವಂತೆ ಅತ್ತಳು, ಅಳುತ್ತಲೇ ಕೊನೆಯದನ್ನೂ ಬಿಗಿದಳು. ಯಾರೂ ಅವಳನ್ನು ಸುಮ್ಮನಿರು ಅನ್ನಲಿಲ್ಲ.

ಲಗಮಣ್ಣ ನೀರು ಹಾಕಿದ, ಡೀಸೆಲ್ಲಿನ ನಳಿಗೆ ಜೋಡಿಸಿದ, ಹೊರಗೆ ಬಂದು ಕೈ ಒರೆಸಿಕೊಂಡ. "ಒಂದ್ ಸಲ ಚಾಲೂ ಮಾಡ್ಲೇನ್ರಿ? ಒಬ್ಬರು ಸೀಟಿನ್ಯಾಗ ಕುಂತು ಕಾಲ ಒತ್ತಿದ್ರ ಸಾಕು, ನಾ ಹ್ಯಾಂಡಲ್ ತಿರುವತೇನಿ. ರಾಯರು ಕೇಳಿಸ್ಕೊಂಡ ಹೋಗ್ಲಿ."

"ಬ್ಯಾಡ," ಅಂದರು ಭಟ್ಟರು. ತಮ್ಮದೂ ಒಂದು ಮಾತು ನಡೆಯಲಿ ಎಂಬಂತಿತ್ತು ಆ ದನಿ. "ಹೆಣಾ ಮನ್ಯಾಗ ಇರೂತನಕ ಸಪ್ಪಳ ಬ್ಯಾಡ."

ಸರಿ ಎಂದು ಸರಪಳಿ ಬಿಚ್ಚಿ, ಎಲ್ಲರೂ ಸೇರಿ ವ್ಯಾನನ್ನು ಓಣಿಯ ಬಾಯಿಯ ತನಕ ನೂಕಿದರು. ವೀರಪ್ಪ ತನ್ನ ಗಾಡಿ ತಿರುಗಿಸಿಕೊಳ್ಳಲು ಬಹಳ ಕಷ್ಟಪಟ್ಟ, ಓಣಿ ಅಷ್ಟು ಇಕ್ಕಟ್ಟು. ಬಾವಿಯಿಂದ ನೀರು ಸೇದಿ ತಲೆಯ ಮೇಲೆ ಸುರಿದುಕೊಂಡು ನಾಲ್ವರೂ ಚಟ್ಟಕ್ಕೆ ಹೆಗಲು ಕೊಟ್ಟರು. ನೀರಿಗೆ ಗ್ರೀಸು ಹೋಗಲಿಲ್ಲ. ತ್ರ್ಯಂಬಕ ಹೆಬ್ಬಾಗಿಲಿನಿಂದ ಹೊರಬಿದ್ದ.

ಹೆಂಗಸರು ಮನೆಯಲ್ಲೇ ಉಳಿದರು. ಬಾಳಕೃಷ್ಣ ಭಟ್ಟರು ಬೆಂಕಿಯ ಮಡಿಕೆ ಹಿಡಿದು ಮುಂದೆ ನಡೆದರು. ಓಣಿ ದಾಟಿ, ಬಜಾರದ ದಾರಿಯಲ್ಲಿ ಸ್ವಲ್ಪ ದೂರ ಹೋಗಿದ್ದರು. ಆಗ ಹಿಂದಿನಿಂದ ಒಂದು ಸಪ್ಪಳ ಬಂತು. ಕೆಮ್ಮಿದ ಹಾಗೆ ಒಮ್ಮೆ, ನಿಂತಿತು. ಮತ್ತೊಮ್ಮೆ. ಆಮೇಲೆ ಹಿಡಿಯಿತು, ಟುಕು ಟುಕು ಟುಕು ಎಂದು ಅಂಗಡಿಗಳ ತಗಡೆಲ್ಲ ನಡುಗುವ ಹಾಗೆ ಹಿಡಿಯಿತು. ಚಟ್ಟ ಹೊತ್ತವರ ಕಾಲು ತಡೆದವು. ಭಟ್ಟರೂ ನಿಂತರು, ಆದರೆ ತಿರುಗಲಿಲ್ಲ. ಬೆಂಕಿ ಹಿಡಿದು ಹೊರಟವನು ಹಿಂದೆ ತಿರುಗಿ ನೋಡುವಂತಿಲ್ಲ.

"ಬ್ಯಾಡ ಅಂದ್ರೂ ಕೇಳಲಿಲ್ಲ ನೋಡ್ರಿ ಆ ಲಗಮಣ್ಣ," ಅಂದರು ಮುಂದೆ ನೋಡುತ್ತಲೇ.

"ನಾ ಇಲ್ಲೇ ಅದೇನ್ರಿ ಭಟ್ರ," ಎಂದು ಚಟ್ಟದ ಮಗ್ಗುಲಿನಿಂದ ಲಗಮಣ್ಣ ಅಂದ.

"ಮತ್ತ ಯಾರು?" ಅಂದರು ಭಟ್ಟರು.

ಲಗಮಣ್ಣನಿಗೆ ಯಾವ ಕಟ್ಟೂ ಇರಲಿಲ್ಲ. ಅವನು ಪೂರ್ತಿ ತಿರುಗಿ ನಿಂತು, ಕಣ್ಣ ಮೇಲೆ ಕೈ ಅಡ್ಡ ಹಿಡಿದು ಓಣಿಯ ಬಾಯಿಯತ್ತ ನೋಡಿದ. ಬಹಳ ಹೊತ್ತು ನೋಡಿದ.

"ಹ್ಯಾಂಡಲ್ ಬಾಯಾರ ಕೈಯಾಗ ಐತ್ರಿ," ಅಂದ. "ಡ್ರೈವರ್ ಸೀಟಿನ್ಯಾಗ ಕೆಂಪು ಸೀರಿ ಕಾಣಸ್ತೈತ್ರಿ."

ಕಪ್ಪು ಹೊಗೆ ಒದ್ದೆ ಗಾಳಿಯಲ್ಲಿ ತಗ್ಗಾಗಿ ಬಂದು, ಚಟ್ಟದ ಮೇಲೆ ಹಾಯ್ದು, ಭಟ್ಟರ ಕೈಯ ಮಡಿಕೆಯ ಹೊಗೆಯಲ್ಲಿ ಬೆರೆತು ಮುಂದೆ ಹೋಯಿತು.